ವಾಲ್ವಿಗೂ ಲೌಡ್‌ಸ್ಪೀಕರಿಗೂ ನಡುವೆ

ಕನ್ನಡ ಪಂಡಿತನೊಬ್ಬನು ಟ್ರಾನ್ಸ್‌ಫಾರ್ಮರಿನ ವಿಷಯವಾಗಿ ಮಾತನಾಡಲು ಹೊರಟರೆ, ಓದುಗರೇ, ನಿಮಗೆ ಆಶ್ಚರ್ಯವಾಗುವುದು ಸಹಜ. ಹಳಗನ್ನಡದ ಪದ್ಯಗಳನ್ನು ಬಿಡಿಸಿ ಹೇಳಬೇಕಾದವನಿಗೆ ತಾಮ್ರದ ತಂತಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು. ನಮ್ಮ ತಂದೆಯವರ ಕಾಲದ ವಾಲ್ವು ರೇಡಿಯೋ ಒಂದು ಮನೆಯಲ್ಲಿತ್ತು. ಅದು ಕೆಟ್ಟಾಗಲೆಲ್ಲ ಹಿಂಬದಿಯ ಹಲಗೆಯನ್ನು ಬಿಚ್ಚಿ ನೋಡುತ್ತ ನೋಡುತ್ತ ನನಗೆ ಆ ವಿದ್ಯೆಯ ರುಚಿ ಹತ್ತಿತು. ಇದು ಮೊದಲನೆಯದು. ಎರಡನೆಯ ಕಾರಣ, ನನ್ನಿಂದಾದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ; ಉಳಿದ ಮಾತೆಲ್ಲ ಅದರಿಂದಲೇ ಹುಟ್ಟಿದ್ದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಾನೆ. ನಾಲ್ಕು ತಿಂಗಳು ಕಾಸಿಗೆ ಕಾಸು ಕೂಡಿಟ್ಟು, ಸಾಮಾನು ಕೊಂಡು, ತನ್ನ ಕೈಯಿಂದಲೇ ಒಂದು ವಾಲ್ವು ಆಂಪ್ಲಿಫೈಯರನ್ನು ಕಟ್ಟಿದ. ಕಟ್ಟಿದ್ದನ್ನು ಅಳೆದು ನೋಡಲು ಒಂದು ಸಂಜೆ ನನ್ನ ಮನೆಗೆ ತಂದ. ಅದು ಪರೀಕ್ಷೆಯ ಕಾಲ. ಪಕ್ಕದ ಮನೆಯಲ್ಲಿ ಮಕ್ಕಳು ಓದುತ್ತಿದ್ದರು. "ಸ್ಪೀಕರಿನ ತಂತಿ ಕಿತ್ತುಬಿಡಪ್ಪ, ಸದ್ದಿಲ್ಲದೆ ಅಳೆಯೋಣ. ನೀನು ಗಿಟಾರನ್ನು ಜೋರಾಗಿ ಮೀಟುತ್ತಿರು" ಎಂದೆ. ಅವನು ಹಾಗೆಯೇ ಮಾಡಿದ. ಕೆಲವು ನಿಮಿಷಗಳಲ್ಲಿ ಪೆಟ್ಟಿಗೆಯೊಳಗಿಂದ ಚಟ್ ಎಂದು ಒಂದು ಸದ್ದು ಬಂತು. ಹಿಂದೆಯೇ ಸುಟ್ಟ ಅರಗಿನ ವಾಸನೆ. ಹೋದದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಆ ಪೆಟ್ಟಿಗೆಯಲ್ಲಿ ಸುಲಭವಾಗಿ ಮತ್ತೆ ಸಿಕ್ಕದ ಪದಾರ್ಥವೆಂದರೆ ಅದೊಂದೇ. ಮುಂದಿನ ಭಾನುವಾರ ಅವನಿಗೆ ಕಾರ್ಯಕ್ರಮವಿತ್ತು. "ಹೋಗಲಿ ಬಿಡಿ ಮೇಷ್ಟ್ರೇ" ಎಂದನೇ ಹೊರತು ಮತ್ತೊಂದು ಮಾತು ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅಂದಿನಿಂದ ಆ ಒಂದು ಪದಾರ್ಥವನ್ನು ಸರಿಯಾಗಿ ತಿಳಿದುಕೊಳ್ಳಬೇಕೆಂದು ಹಟ ಹಿಡಿದೆ. ತಿಳಿದಷ್ಟನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಟ್ರಾನ್ಸಿಸ್ಟರು ಬಂದು ಇಷ್ಟು ಕಾಲವಾದರೂ ಗಿಟಾರು ನುಡಿಸುವವರು ವಾಲ್ವನ್ನು ಬಿಟ್ಟಿಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೂ ಒಂದು ಕಾಲಕ್ಕೆ ರೇಡಿಯೋ ವಾಲ್ವುಗಳು ತಯಾರಾಗುತ್ತಿದ್ದವು. ಈಗ ರಷ್ಯ, ಸ್ಲೊವಾಕಿಯ, ಚೀನ ದೇಶಗಳಿಂದ ಹೊಸ ವಾಲ್ವುಗಳು ಬರುತ್ತವೆ. ಕೊಳ್ಳುವವರಲ್ಲಿ ಹೆಚ್ಚಿನವರು ಗಿಟಾರಿನವರೇ. ವಾಲ್ವಿಗೆ ಅದರ ಶಕ್ತಿ ಮೀರಿ ಕೆಲಸ ಕೊಟ್ಟಾಗ ನಾದವು ಥಟ್ಟನೆ ಒಡೆಯದೆ ಮೆಲ್ಲನೆ ದಪ್ಪವಾಗುತ್ತ ಹೋಗುತ್ತದೆ. ರೇಡಿಯೋದಲ್ಲಿ ದೋಷವೆನಿಸಿದ್ದು ಗಿಟಾರಿನಲ್ಲಿ ಗುಣವಾಯಿತು.

ಈ ವಿದ್ಯೆಯ ತವರು ಅಮೆರಿಕ. ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿಯಿಂದ ಬದುಕು ಆರಂಭಿಸಿದ ಲಿಯೋ ಫೆಂಡರ್ ಎಂಬವರು ೧೯೫೦ರ ದಶಕದಲ್ಲಿ ತಯಾರಿಸಿದ 'ಚಾಂಪ್' ಎಂಬ ಪುಟ್ಟ ಆಂಪ್ಲಿಫೈಯರು ಇಂದಿಗೂ ಮನೆಯಲ್ಲಿ ಕಟ್ಟುವವರ ಮೊದಲನೆಯ ಪಾಠ. ಅದರಲ್ಲಿ ಮೂರೇ ವಾಲ್ವುಗಳು: ಗಿಟಾರಿನ ಕ್ಷೀಣವಾದ ಸದ್ದನ್ನು ಎತ್ತಲು ಒಂದು ೧೨ಎಎಕ್ಸ್೭, ಶಕ್ತಿ ಕೊಡಲು ಒಂದು ೬ವಿ೬, ವಿದ್ಯುತ್ತನ್ನು ಏಕಮುಖವಾಗಿಸಲು ಒಂದು ೫ವೈ೩. ಎಲ್ಲ ಸೇರಿ ಕೊಡುವ ಶಕ್ತಿ ಸುಮಾರು ೫ ವ್ಯಾಟು. ಮುಂದೆ ೧೯೬೨ರಲ್ಲಿ ಲಂಡನ್ನಿನ ಹ್ಯಾನ್ವೆಲ್ ಭಾಗದಲ್ಲಿ ಡ್ರಮ್ಮಿನ ಮೇಷ್ಟರಾಗಿದ್ದು ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಅವರ ಜೊತೆಗಾರರು, ಫೆಂಡರ್ ಅವರದೇ 'ಬ್ಯಾಸ್‌ಮನ್' ಎಂಬ ದೊಡ್ಡ ಆಂಪ್ಲಿಫೈಯರಿನ ನಕ್ಷೆಯನ್ನು ಮುಂದಿಟ್ಟುಕೊಂಡು, ಇಂಗ್ಲೆಂಡಿನಲ್ಲಿ ಸಿಕ್ಕುವ ಸಾಮಾನಿನಿಂದ ತಮ್ಮ ಮೊದಲ ಆಂಪ್ಲಿಫೈಯರನ್ನು ಕಟ್ಟಿದರು. ನಕ್ಷೆ ಬಹುಮಟ್ಟಿಗೆ ಅದೇ. ನಾದ ಮಾತ್ರ ಬೇರೆಯಾಯಿತು. ಸ್ಪೀಕರು, ವಾಲ್ವು, ಟ್ರಾನ್ಸ್‌ಫಾರ್ಮರು ಬದಲಾದದ್ದೇ ಅದಕ್ಕೆ ಕಾರಣ. ಕೈಗೆ ಸಿಕ್ಕ ಸಾಮಾನಿನಿಂದ ಕಟ್ಟುವವರಿಗೆ ಇದೊಂದು ಧೈರ್ಯದ ಮಾತು.

ಈಗ ವಿಷಯಕ್ಕೆ ಬರೋಣ. ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಏತಕ್ಕೆ ಬೇಕು? ವಾಲ್ವಿನ ಸ್ವಭಾವ ಒಂದು, ಸ್ಪೀಕರಿನ ಸ್ವಭಾವ ಇನ್ನೊಂದು. ವಾಲ್ವಿನಲ್ಲಿ ವೋಲ್ಟೇಜು ನೂರಾರು; ಆದರೆ ಹರಿಯುವ ಪ್ರವಾಹ ಬಹು ಕಡಿಮೆ, ಆಂಪಿಯರಿನ ಇಪ್ಪತ್ತು ಮೂವತ್ತರಲ್ಲಿ ಒಂದು ಪಾಲು. ಸ್ಪೀಕರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ವೋಲ್ಟೇಜು ಕೆಲವೇ, ಪ್ರವಾಹ ಹೇರಳ. ಒಬ್ಬನು ಕನ್ನಡ ಮಾತ್ರ ಬಲ್ಲ, ಇನ್ನೊಬ್ಬನು ಪಾರಸಿ ಮಾತ್ರ ಬಲ್ಲ ಎಂದಾಗ ನಡುವೆ ಒಬ್ಬ ದುಭಾಷಿ ಬೇಕಾಗುತ್ತಾನಲ್ಲವೆ? ಈ ಟ್ರಾನ್ಸ್‌ಫಾರ್ಮರು ಅಂಥ ದುಭಾಷಿ. ಉಕ್ಕಿನ ತೆಳು ತಗಡುಗಳ ತಿರುಳಿನ ಮೇಲೆ ಎರಡು ಸುತ್ತುಗಳು. ವಾಲ್ವಿನ ಕಡೆಗೆ ಸಣ್ಣ ತಂತಿಯ ಸಾವಿರಾರು ಸುತ್ತು, ಅದು ಪ್ರೈಮರಿ. ಸ್ಪೀಕರಿನ ಕಡೆಗೆ ದಪ್ಪ ತಂತಿಯ ಕೆಲವೇ ಸುತ್ತು, ಅದು ಸೆಕೆಂಡರಿ. ನಡುವೆ ತಂತಿಯ ಸಂಬಂಧವಿಲ್ಲ. ಕಾಂತಶಕ್ತಿಯ ಸಂಬಂಧ ಮಾತ್ರ. ವಾಲ್ವಿನ ಅಪಾಯಕರವಾದ ವೋಲ್ಟೇಜು ಸ್ಪೀಕರಿಗೆ ಬರದಂತೆ ತಡೆಯುವುದೂ ಇದೇ.

ಒಂದು ಸಣ್ಣ ಲೆಕ್ಕ ಮಾಡೋಣ. ಕಾಗದ ಸೀಸದಕಡ್ಡಿ ಹತ್ತಿರವಿದ್ದರೆ ತೆಗೆದುಕೊಳ್ಳಿ. ಪ್ರೈಮರಿಯ ಸುತ್ತುಗಳು ಸೆಕೆಂಡರಿಯ ೨೫ರಷ್ಟಿವೆ ಎಂದು ಇಟ್ಟುಕೊಳ್ಳಿ. ಸ್ಪೀಕರು ೮ ಓಮಿನದು. ಪ್ರೈಮರಿಯ ಮೇಲೆ ೧೦೦ ವೋಲ್ಟಿನ ಸದ್ದು ಬಂದರೆ ಸೆಕೆಂಡರಿಯಲ್ಲಿ ಅದು ೪ ವೋಲ್ಟಾಗುತ್ತದೆ. ೪ ವೋಲ್ಟು ೮ ಓಮಿನಲ್ಲಿ ಅರ್ಧ ಆಂಪಿಯರನ್ನು ಹರಿಸುತ್ತದೆ. ಆ ಅರ್ಧ ಆಂಪಿಯರು ಪ್ರೈಮರಿಯ ಕಡೆಯಲ್ಲಿ ೨೫ರಲ್ಲಿ ಒಂದು ಪಾಲಾಗಿ, ಎಂದರೆ ೦.೦೨ ಆಂಪಿಯರಾಗಿ ಕಾಣುತ್ತದೆ. ೧೦೦ ವೋಲ್ಟಿಗೆ ೦.೦೨ ಆಂಪಿಯರು ಹರಿಸುವ ತಡೆ ಎಷ್ಟು? ೫,೦೦೦ ಓಮು. ಸ್ಪೀಕರಿನ ೮ ಓಮು ವಾಲ್ವಿನ ಕಣ್ಣಿಗೆ ೫,೦೦೦ ಓಮಾಗಿ ಕಂಡಿತು! ೨೫ನ್ನು ೨೫ರಿಂದ ಗುಣಿಸಿ, ಬಂದದ್ದನ್ನು ೮ರಿಂದ ಗುಣಿಸಿ ನೋಡಿ. ಅದೇ ೫,೦೦೦ ಬರುತ್ತದೆ. ಸುತ್ತುಗಳ ಪ್ರಮಾಣದ ವರ್ಗ, ಗುಣಿಸು ಸ್ಪೀಕರಿನ ಓಮು: ಇಷ್ಟೇ ಸೂತ್ರ.

ಈ ಸೂತ್ರದೊಳಗೆ ಒಂದು ಗುಟ್ಟಿದೆ. ಟ್ರಾನ್ಸ್‌ಫಾರ್ಮರಿಗೆ ತನ್ನದೇ ಆದ ಓಮಿಲ್ಲ. ಇರುವುದು ಪ್ರಮಾಣ ಮಾತ್ರ. ಅದೇ ಟ್ರಾನ್ಸ್‌ಫಾರ್ಮರಿಗೆ ೪ ಓಮಿನ ಸ್ಪೀಕರು ಕಟ್ಟಿದರೆ ವಾಲ್ವಿಗೆ ಕಾಣುವುದು ೨,೫೦೦. ೧೬ ಓಮಿನದು ಕಟ್ಟಿದರೆ ೧೦,೦೦೦. ವ್ಯಾಕರಣದಲ್ಲಿ ಪರಪದ ಬದಲಾದರೆ ಸಂಧಿಕಾರ್ಯವೂ ಬದಲಾಗುವಂತೆ, ಸ್ಪೀಕರು ಬದಲಾದರೆ ವಾಲ್ವಿನ ಹೊರೆಯೂ ಬದಲಾಗುತ್ತದೆ. ಆದ್ದರಿಂದ "೫,೦೦೦ ಓಮಿನ ಟ್ರಾನ್ಸ್‌ಫಾರ್ಮರು ಕೊಡಿ" ಎಂದು ಕೇಳುವುದು ಅರ್ಧ ಮಾತು. "೮ ಓಮಿಗೆ ೫,೦೦೦" ಎಂದು ಕೇಳುವುದು ಪೂರ್ಣ ಮಾತು.

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು. ಮೊದಲನೆಯದು: ನನ್ನ ವಾಲ್ವು ಎಷ್ಟು ಓಮಿನ ಹೊರೆಯನ್ನು ಬಯಸುತ್ತದೆ? ಇದನ್ನು ಊಹಿಸಬೇಕಾಗಿಲ್ಲ, ವಾಲ್ವು ತಯಾರಿಸಿದವರ ಪಟ್ಟಿಯಲ್ಲಿಯೇ ಬರೆದಿರುತ್ತದೆ. ೨೫೦ ವೋಲ್ಟಿನಲ್ಲಿ ಒಂಟಿಯಾಗಿ ದುಡಿಯುವ ೬ವಿ೬ಕ್ಕೆ ೫,೦೦೦ ಓಮು. ಒಂಟಿ ಇಎಲ್೮೪ಕ್ಕೆ ಸುಮಾರು ೫,೨೦೦. ಎರಡು ಇಎಲ್೮೪ ಜೋಡಿಯಾಗಿ ದುಡಿದರೆ, ಒಂದರ ಪ್ಲೇಟಿನಿಂದ ಇನ್ನೊಂದರ ಪ್ಲೇಟಿಗೆ ೮,೦೦೦. ಈ ಅಂಕೆಗಳು ಶಾಸನವಲ್ಲ. ನೂರಕ್ಕೆ ಹತ್ತು ಹದಿನೈದು ಆಚೀಚೆಯಾದರೆ ಕೆಡುಕಿಲ್ಲ. ಆದರೆ ಹೊರೆಯ ಓಮು ಬಹಳ ಕಡಿಮೆಯಾದರೆ ಪ್ರವಾಹ ಹೆಚ್ಚಿ ವಾಲ್ವು ಕಾಯುತ್ತದೆ, ಸದ್ದೂ ಕುಗ್ಗುತ್ತದೆ. ಬಹಳ ಹೆಚ್ಚಾದರೆ ವೋಲ್ಟೇಜು ಉಕ್ಕಿ ಟ್ರಾನ್ಸ್‌ಫಾರ್ಮರಿನ ಒಳಸುತ್ತಿಗೂ ವಾಲ್ವಿನ ಸ್ಕ್ರೀನಿಗೂ ತೊಂದರೆ.

ಎರಡನೆಯ ಪ್ರಶ್ನೆ: ನನ್ನದು ಒಂಟಿ ವಾಲ್ವಿನದೋ, ಜೋಡಿ ವಾಲ್ವಿನದೋ? ಜೋಡಿಯದನ್ನು 'ಪುಷ್-ಪುಲ್' ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇಬ್ಬರು ಎದುರುಬದುರಾಗಿ ಕುಳಿತು ಗರಗಸ ಎಳೆಯುವುದನ್ನು ನೀವು ಕಂಡಿರಬಹುದು. ಒಬ್ಬನು ಎಳೆದಾಗ ಇನ್ನೊಬ್ಬನು ಬಿಡುತ್ತಾನೆ. ಜೋಡಿ ವಾಲ್ವುಗಳ ಕೆಲಸ ಹಾಗೆಯೇ. ಅವುಗಳ ನಿಂತ ಪ್ರವಾಹ ಪ್ರೈಮರಿಯ ಎರಡು ಅರ್ಧಗಳಲ್ಲಿ ಎದುರು ದಿಕ್ಕಿನಲ್ಲಿ ಹರಿಯುವುದರಿಂದ, ತಿರುಳಿನಲ್ಲಿ ಒಂದರ ಕಾಂತವನ್ನು ಇನ್ನೊಂದು ಕಳೆಯುತ್ತದೆ. ಒಂಟಿ ವಾಲ್ವಿನಲ್ಲಿ ಹೀಗೆ ಕಳೆಯುವವರಿಲ್ಲ. ೬ವಿ೬ದ ಸುಮಾರು ೪೫ ಮಿಲಿ ಆಂಪಿಯರು ಸದಾ ಒಂದೇ ದಿಕ್ಕಿನಲ್ಲಿ ಹರಿದು ತಿರುಳನ್ನು ಒಂದೇ ಕಡೆಗೆ ಕಾಂತವಾಗಿಸುತ್ತದೆ. ಅದು ತುಂಬಿಹೋಗದಿರಲೆಂದು, ಒಂಟಿ ವಾಲ್ವಿನ ಟ್ರಾನ್ಸ್‌ಫಾರ್ಮರಿನಲ್ಲಿ ತಗಡುಗಳ ಎರಡು ಭಾಗಗಳ ನಡುವೆ ಒಂದು ಕಾಗದದಷ್ಟು ಎಡೆ ಬಿಟ್ಟಿರುತ್ತಾರೆ. ಆದಕಾರಣ ಜೋಡಿಯದನ್ನು ತಂದು ಒಂಟಿಗೆ ಕಟ್ಟಬೇಡಿ. ಓಮು ಸರಿಹೊಂದಿದರೂ ತಿರುಳು ತುಂಬಿಹೋಗಿ ತಗ್ಗಿನ ಸ್ವರಗಳು ಬಡವಾಗುತ್ತವೆ.

ಮೂರನೆಯ ಪ್ರಶ್ನೆ: ಎಷ್ಟು ದೊಡ್ಡದು ಬೇಕು? ಕಂಪನ ಸಂಖ್ಯೆ ಅರ್ಧಕ್ಕಿಳಿದರೆ ಅದೇ ವೋಲ್ಟೇಜಿಗೆ ತಿರುಳಿನ ಮೇಲಿನ ಕಾಂತದ ಹೊರೆ ಎರಡರಷ್ಟಾಗುತ್ತದೆ. ತಗ್ಗಿನ ಸ್ವರಕ್ಕೆ ದೊಡ್ಡ ತಿರುಳು ಬೇಕಾಗುವುದು ಇದರಿಂದಲೇ. ಸಂಗೀತದ ತಟ್ಟೆಗಳನ್ನು ಕೇಳಲು ಕಟ್ಟುವ ಉತ್ತಮ ಆಂಪ್ಲಿಫೈಯರುಗಳು ಸೆಕೆಂಡಿಗೆ ೨೦ ಕಂಪನದವರೆಗೂ ಇಳಿಯಬೇಕು. ಅವುಗಳ ಟ್ರಾನ್ಸ್‌ಫಾರ್ಮರು ಎತ್ತಲು ಭಾರ, ಕೊಳ್ಳಲೂ ಭಾರ. ಸಾಧಾರಣ ಶ್ರುತಿಯ ಗಿಟಾರಿನ ಅತಿ ತಗ್ಗಿನ ತಂತಿ ಸುಮಾರು ೮೨ ಕಂಪನದ್ದು. ಅದಕ್ಕಿಂತ ಕೆಳಗೆ ನಮಗೆ ಕೆಲಸವಿಲ್ಲ. ಆದ್ದರಿಂದ ಗಿಟಾರಿಗೆ ಸಾಧಾರಣ ಗಾತ್ರದ್ದು ಸಾಕು. ದುಬಾರಿಯದು ತಂದರೆ ಹೆಚ್ಚಿನ ಲಾಭವಿಲ್ಲ. ಬಾಸ್ ಗಿಟಾರಿನ ಮಾತು ಬೇರೆ. ಅದರ ಕೊನೆಯ ತಂತಿ ಸುಮಾರು ೪೧ ಕಂಪನಕ್ಕಿಳಿಯುವುದರಿಂದ ದೊಡ್ಡ ತಿರುಳು ಬೇಕೇ ಬೇಕು. ವ್ಯಾಟಿನ ವಿಷಯದಲ್ಲಿ ನಿಮ್ಮ ವಾಲ್ವು ಕೊಡುವುದಕ್ಕಿಂತ ಸ್ವಲ್ಪ ಹೆಚ್ಚಿನದನ್ನೇ ಆರಿಸಿ. ಒಂಟಿ ವಾಲ್ವಿನದಾದರೆ ಅದು ಎಷ್ಟು ಮಿಲಿ ಆಂಪಿಯರು ತಾಳುತ್ತದೆ ಎಂಬುದನ್ನು ಕೇಳಿಯೇ ಕೊಳ್ಳಿ.

ಎಲ್ಲಿ ಸಿಕ್ಕುತ್ತದೆ? ಹೊರದೇಶದಿಂದ ತರಿಸಬಹುದು. ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಕಡೆ ಹುಡುಕಬಹುದು. ಕೆಟ್ಟುಬಿದ್ದ ವಾಲ್ವು ರೇಡಿಯೋಗಳಿದ್ದರೆ ಅವು ಗಣಿಯೇ ಸರಿ: ಒಂಟಿ ಇಎಲ್೮೪ ಇದ್ದ ರೇಡಿಯೋದ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಚಾಂಪಿನಂಥ ಪುಟ್ಟ ಆಂಪ್ಲಿಫೈಯರಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಮೇನ್ಸ್ ಟ್ರಾನ್ಸ್‌ಫಾರ್ಮರಿಲ್ಲದೆ ಗೋಡೆಯ ವಿದ್ಯುತ್ತನ್ನೇ ನೇರವಾಗಿ ಎಳೆಯುತ್ತಿದ್ದ ಎಸಿ-ಡಿಸಿ ರೇಡಿಯೋಗಳೂ ಉಂಟು. ಅವುಗಳ ಲೋಹದ ತಳವೇ ಜೀವಂತ ವಿದ್ಯುತ್ತಿನಿಂದ ಕೂಡಿರಬಹುದು. ಅಂಥವುಗಳಿಂದ ಟ್ರಾನ್ಸ್‌ಫಾರ್ಮರನ್ನು ಕಿತ್ತುಕೊಳ್ಳಿ. ಆ ತಳದ ಮೇಲೆ ಮಾತ್ರ ಗಿಟಾರಿನ ಆಂಪ್ಲಿಫೈಯರು ಕಟ್ಟಬೇಡಿ.

ಹಳೆಯದು ಸಿಕ್ಕಿತು, ಗುರುತೇನೂ ಇಲ್ಲ ಎನ್ನಿ. ಪರೀಕ್ಷೆ ಹೇಗೆ? ಅನೇಕರು ಮೀಟರನ್ನು ಓಮಿಗೆ ತಿರುಗಿಸಿ ಅಳೆಯುತ್ತಾರೆ. ಪ್ರೈಮರಿಯಲ್ಲಿ ಕೆಲವು ನೂರು ಓಮು, ಸೆಕೆಂಡರಿಯಲ್ಲಿ ಒಂದು ಓಮಿಗೂ ಕಡಿಮೆ ತೋರುತ್ತದೆ. "೫,೦೦೦ ಎಲ್ಲಿ? ಇದು ಕೆಟ್ಟಿದೆ" ಎಂದು ಎಸೆಯುತ್ತಾರೆ. ಅದು ತಪ್ಪು. ಮೀಟರು ತೋರಿದ್ದು ತಂತಿಯ ಸ್ವಂತ ತಡೆ. ನಮಗೆ ಬೇಕಾದದ್ದು ಪ್ರಮಾಣ. ಪ್ರಮಾಣವನ್ನು ತಿಳಿಯಲು ೧೨ ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಪರ್ಯಾಯ ಪ್ರವಾಹವನ್ನು ಪ್ರೈಮರಿಗೆ ಕೊಡಿ, ಸೆಕೆಂಡರಿಯಲ್ಲಿ ಬರುವ ವೋಲ್ಟೇಜನ್ನು ಅಳೆಯಿರಿ. ಪ್ರೈಮರಿಯಲ್ಲಿ ೧೨, ಸೆಕೆಂಡರಿಯಲ್ಲಿ ೦.೪೮ ಬಂದರೆ ಪ್ರಮಾಣ ೨೫. ವರ್ಗ ೬೨೫. ೮ ಓಮಿನ ಸ್ಪೀಕರಿಗೆ ೫,೦೦೦. ಲೆಕ್ಕ ಮುಗಿಯಿತು. ಒಂದೇ ಎಚ್ಚರಿಕೆ: ಆ ೧೨ ವೋಲ್ಟನ್ನು ಅಪ್ಪಿತಪ್ಪಿಯೂ ಸೆಕೆಂಡರಿಗೆ ಕೊಡಬೇಡಿ. ಕೊಟ್ಟರೆ ಪ್ರೈಮರಿಯ ತುದಿಯಲ್ಲಿ ೩೦೦ ವೋಲ್ಟು ಎದ್ದು ಕುಳಿತಿರುತ್ತದೆ.

ಸುಟ್ಟದ್ದನ್ನು ಮತ್ತೆ ಸುತ್ತಿಸಬಹುದೇ? ಸುತ್ತಿಸಬಹುದು. ನಮ್ಮೂರುಗಳಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುತ್ತುವವರಿದ್ದಾರೆ. ಅವರ ಕೈಯ ಹದ ದೊಡ್ಡದು. ಆದರೆ ಎರಡು ಮಾತು ಹೇಳಿ ಕೊಡಬೇಕು. ಬಿಚ್ಚುವಾಗ ಸುತ್ತುಗಳನ್ನೂ ತಂತಿಯ ದಪ್ಪವನ್ನೂ ಪದರಗಳ ಅನುಕ್ರಮವನ್ನೂ ಬರೆದಿಟ್ಟುಕೊಳ್ಳಬೇಕು. ಪದರಕ್ಕೊಂದು ನಿರೋಧಕ ಕಾಗದ ಹಾಕಬೇಕು. ಮೂಲದಲ್ಲಿ ಪ್ರೈಮರಿಯ ಅರ್ಧ, ನಡುವೆ ಸೆಕೆಂಡರಿ, ಮತ್ತೆ ಪ್ರೈಮರಿಯ ಅರ್ಧ ಎಂದು ಹೆಣೆದಿದ್ದರೆ ಹಾಗೆಯೇ ಹೆಣೆಯಬೇಕು. ಈ ಹೆಣಿಗೆ ಕೆಟ್ಟರೆ ಎತ್ತರದ ಸ್ವರಗಳು ದಾರಿಯಲ್ಲೇ ಸೋರಿಹೋಗುತ್ತವೆ.

ಇನ್ನು ತಂತಿ ಜೋಡಿಸುವ ಕೆಲಸ. ಅದಕ್ಕೆ ಮೊದಲು ಪ್ರಾಣದ ಮಾತು. ಚಾಂಪಿನಂಥ ಪುಟ್ಟ ಪೆಟ್ಟಿಗೆಯಲ್ಲಿಯೂ ೩೦೦ ವೋಲ್ಟಿಗೆ ಮೀರಿದ ಏಕಮುಖ ವಿದ್ಯುತ್ತಿರುತ್ತದೆ. ಗೋಡೆಯ ಪ್ಲಗ್ಗು ಕಿತ್ತ ಮೇಲೂ ಅದು ಕೆಪಾಸಿಟರುಗಳಲ್ಲಿ ಅಡಗಿ ಕುಳಿತಿರುತ್ತದೆ. ೧೦,೦೦೦ ಓಮಿನ, ೫ ವ್ಯಾಟಿನ ರೆಸಿಸ್ಟರೊಂದಕ್ಕೆ ನಿರೋಧಕ ಹೊದಿಕೆಯ ತಂತಿ ಕಟ್ಟಿ, ಒಂದು ತುದಿಯನ್ನು ಲೋಹದ ತಳಕ್ಕೆ ಸಿಕ್ಕಿಸಿ, ಇನ್ನೊಂದನ್ನು ಕೆಪಾಸಿಟರಿಗೆ ಕೆಲವು ಸೆಕೆಂಡು ತಾಗಿಸಿ. ಆಮೇಲೆ ಮೀಟರಿನಿಂದ ಅಳೆದು ಸೊನ್ನೆಗೆ ಬಂದುದನ್ನು ಕಣ್ಣಾರೆ ಕಂಡು ಕೈಯಿಡಿ. ವಿದ್ಯುತ್ತು ಹರಿಯುತ್ತಿರುವಾಗ ಅಳೆಯಬೇಕಾದರೆ ಒಂದು ಕೈ ಬೆನ್ನ ಹಿಂದೆ ಇರಲಿ. ಮೂರು ಕಡ್ಡಿಯ ಪ್ಲಗ್ಗು ಹಾಕಿ ತಳವನ್ನು ಭೂಮಿಗೆ ಸೇರಿಸುವುದನ್ನು ಮರೆಯಬೇಡಿ. ಗಿಟಾರಿನ ತಂತಿಗಳು ಈ ತಳಕ್ಕೆ ಸೇರಿರುತ್ತವೆ, ನುಡಿಸುವವನ ಬೆರಳು ಆ ತಂತಿಗಳ ಮೇಲಿರುತ್ತದೆ. ನಾವು ಕಟ್ಟುವುದು ಇನ್ನೊಬ್ಬರ ಮಗನ ಕೈಗೆ ಎಂಬುದನ್ನು ನೆನಪಿಡಿ.

ಅಮೆರಿಕದ ಪದ್ಧತಿಯಲ್ಲಿ ಪ್ರೈಮರಿಯ ನೀಲಿ ತಂತಿ ವಾಲ್ವಿನ ಪ್ಲೇಟಿಗೆ, ಕೆಂಪು ತಂತಿ ಹೆಚ್ಚು ವೋಲ್ಟೇಜಿನ ಮೂಲಕ್ಕೆ. ಜೋಡಿ ವಾಲ್ವಿನದಾದರೆ ನೀಲಿ ಒಂದರ ಪ್ಲೇಟಿಗೆ, ಕಂದು ಇನ್ನೊಂದರ ಪ್ಲೇಟಿಗೆ, ನಡುವಿನ ಕೆಂಪು ಮೂಲಕ್ಕೆ. ಎಲ್ಲ ತಯಾರಕರೂ ಇದೇ ಬಣ್ಣಗಳನ್ನು ಅನುಸರಿಸುವುದಿಲ್ಲ. ಜೊತೆಗೆ ಬಂದ ಚೀಟಿಯನ್ನು ಓದಿ. ಪ್ಲೇಟಿನ ತಂತಿ ಗಿಡ್ಡವಾಗಿರಲಿ, ಗಿಟಾರಿನ ಒಳಬರುವ ತಂತಿಯಿಂದ ದೂರವಿರಲಿ. ಇವೆರಡು ಸಮೀಪಿಸಿದರೆ ಆಂಪ್ಲಿಫೈಯರು ತಾನೇ ತಾನಾಗಿ ಅರಚಿಕೊಳ್ಳುತ್ತದೆ. ಸೆಕೆಂಡರಿಯ ಒಂದು ತುದಿ ತಳಕ್ಕೆ, ಇನ್ನೊಂದು ಸ್ಪೀಕರಿನ ಜ್ಯಾಕಿಗೆ. ೪, ೮, ೧೬ ಎಂದು ಹಲವು ತಂತಿಗಳಿದ್ದರೆ ನಿಮ್ಮ ಸ್ಪೀಕರಿಗೆ ತಕ್ಕದನ್ನು ಮಾತ್ರ ಬಳಸಿ. ಉಳಿದವನ್ನು ಒಂದಕ್ಕೊಂದು ಸೇರಿಸದೆ, ಕತ್ತರಿಸಿ ಬಿಸಾಡದೆ, ಒಂದೊಂದರ ತುದಿಗೂ ನಿರೋಧಕ ಕೊಳವೆ ತೊಡಿಸಿ ಮಡಿಚಿಡಿ.

ಚಾಂಪಿನಂಥ ಅನೇಕ ನಕ್ಷೆಗಳಲ್ಲಿ ಸ್ಪೀಕರಿನ ತಂತಿಯಿಂದ ಒಂದಿಷ್ಟು ಸದ್ದನ್ನು ಹಿಂದಿನ ವಾಲ್ವಿಗೆ ತಿರುಗಿ ಕೊಡುವ ಏರ್ಪಾಡುಂಟು. ನಾದವನ್ನು ಹತೋಟಿಯಲ್ಲಿಡುವ ಲಗಾಮು ಅದು. ಟ್ರಾನ್ಸ್‌ಫಾರ್ಮರಿನ ತಂತಿಗಳು ತಿರುವು ಮುರುವಾಗಿದ್ದರೆ ಈ ಲಗಾಮೇ ಚಾಟಿಯಾಗುತ್ತದೆ: ಹೊತ್ತಿಸಿದೊಡನೆ ಭಯಂಕರವಾದ ಕೂಗು. ಆಗ ಗಾಬರಿಯಾಗಬೇಡಿ. ಆರಿಸಿ, ಕೆಪಾಸಿಟರುಗಳನ್ನು ಬರಿದು ಮಾಡಿ, ಜೋಡಿ ವಾಲ್ವಿನದಾದರೆ ಎರಡು ಪ್ಲೇಟುಗಳ ತಂತಿಗಳನ್ನು ಅದಲುಬದಲು ಮಾಡಿ. ಒಂಟಿಯದಾದರೆ ಸೆಕೆಂಡರಿಯ ಎರಡು ತುದಿಗಳನ್ನು ಅದಲುಬದಲು ಮಾಡಿ. ಕೂಗು ನಿಲ್ಲುತ್ತದೆ.

ಟ್ರಾನ್ಸ್‌ಫಾರ್ಮರನ್ನು ತಳದ ಮೇಲೆ ಎಲ್ಲಿ ಕೂರಿಸಬೇಕು ಎಂಬುದಕ್ಕೂ ಒಂದು ಸೊಗಸಾದ ಉಪಾಯವಿದೆ. ಮೇನ್ಸ್ ಟ್ರಾನ್ಸ್‌ಫಾರ್ಮರಿನಿಂದ ಹೊರಸೂಸುವ ಕಾಂತ ಔಟ್‌ಪುಟ್ಟಿನದಕ್ಕೆ ತಗುಲಿದರೆ ಸದಾ ಗುಂಯ್ ಎಂಬ ಸದ್ದು ಉಳಿಯುತ್ತದೆ. ತೂತು ಕೊರೆಯುವ ಮುನ್ನ, ಮೇನ್ಸ್ ಟ್ರಾನ್ಸ್‌ಫಾರ್ಮರನ್ನು ಅದರ ಸ್ಥಳದಲ್ಲಿಟ್ಟು, ಹೊರಬರುವ ತಂತಿಗಳ ತುದಿಗಳನ್ನೆಲ್ಲ ಒಂದೊಂದಾಗಿ ನಿರೋಧಕದಿಂದ ಮುಚ್ಚಿ, ವಿದ್ಯುತ್ತು ಕೊಡಿ. ಇನ್ನೂ ಎಲ್ಲಿಗೂ ಜೋಡಿಸದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ ಹೆಡ್‌ಫೋನು ಕಟ್ಟಿ ಕಿವಿಗಿಟ್ಟುಕೊಳ್ಳಿ. ಟ್ರಾನ್ಸ್‌ಫಾರ್ಮರನ್ನು ಸರಿಸಿ, ತಿರುಗಿಸಿ, ಮಲಗಿಸಿ ನೋಡಿ. ಒಂದು ಭಂಗಿಯಲ್ಲಿ ಆ ಗುಂಯ್‌ಕಾರ ಬಹುಮಟ್ಟಿಗೆ ಅಡಗುತ್ತದೆ; ಸಾಮಾನ್ಯವಾಗಿ ಎರಡರ ಸುತ್ತುಗಳೂ ಒಂದಕ್ಕೊಂದು ಲಂಬವಾಗಿರುವಾಗ. ಅಲ್ಲಿಯೇ ಗುರುತು ಹಾಕಿ. ಇದಕ್ಕೆ ಬೇಕಾದ ಯಂತ್ರ ನಿಮ್ಮ ಕಿವಿ ಮಾತ್ರ.

ಕೊನೆಗೆ, ನನಗೆ ಪಾಠ ಕಲಿಸಿದ ಮಾತು. ವಾಲ್ವು ಆಂಪ್ಲಿಫೈಯರನ್ನು ಸ್ಪೀಕರಿಲ್ಲದೆ ಎಂದೂ ನುಡಿಸಬಾರದು. ಸ್ಪೀಕರಿದ್ದಾಗ ಪ್ರೈಮರಿಯ ಶಕ್ತಿ ದಾರಿ ಹಿಡಿದು ಹೊರಗೆ ಹೋಗುತ್ತದೆ. ಸ್ಪೀಕರು ಕಿತ್ತರೆ, ಕಾಲುವೆಯ ತೂಬು ಮುಚ್ಚಿದಾಗ ನೀರು ಏರಿಯನ್ನು ಒಡೆಯುವಂತೆ, ಪ್ರೈಮರಿಯಲ್ಲಿ ವೋಲ್ಟೇಜು ಸಾವಿರವನ್ನೂ ದಾಟಿ ಎದ್ದು, ಒಳಗಿನ ನಿರೋಧಕ ಕಾಗದವನ್ನೋ ವಾಲ್ವಿನ ಸಾಕೆಟ್ಟನ್ನೋ ಕಿಡಿಯಾಗಿ ಸೀಳುತ್ತದೆ. ಟ್ರಾನ್ಸಿಸ್ಟರಿನವುಗಳಲ್ಲಿ ಸಾಮಾನ್ಯವಾಗಿ ಸ್ಪೀಕರು ಕಿತ್ತರೆ ಕೇಡಿಲ್ಲ, ತಂತಿಗಳು ಒಂದಕ್ಕೊಂದು ತಗುಲಿದರೆ ಕೇಡು. ವಾಲ್ವಿನವುಗಳಲ್ಲಿ ಕಿತ್ತರೇ ಹೆಚ್ಚು ಕೇಡು. ಅದಕ್ಕಾಗಿಯೇ ಫೆಂಡರ್ ಆಂಪ್ಲಿಫೈಯರುಗಳಲ್ಲಿ, ಸ್ಪೀಕರಿನ ಪ್ಲಗ್ಗು ಎಳೆದೊಡನೆ ಸೆಕೆಂಡರಿಯ ಎರಡು ತುದಿಗಳನ್ನೂ ತಾನೇ ಕೂಡಿಸುವ ಜ್ಯಾಕನ್ನು ಹಾಕುತ್ತಿದ್ದರು. ನೀವೂ ಅಂಥದನ್ನೇ ಹಾಕಿ. ಸದ್ದಿಲ್ಲದೆ ಅಳೆಯಬೇಕಾದರೆ ಸ್ಪೀಕರಿನ ಬದಲು ಅಷ್ಟೇ ಓಮಿನ, ೧೦ ವ್ಯಾಟಿಗೆ ಕಡಿಮೆಯಿಲ್ಲದ ರೆಸಿಸ್ಟರನ್ನು ಕಟ್ಟಿ. ಆ ಸಂಜೆ ನಾನು ಮಾಡಬೇಕಾಗಿದ್ದದ್ದು ಇಷ್ಟೇ.

ಎರಡು ಸ್ಪೀಕರು ಕಟ್ಟುವವರು ಲೆಕ್ಕ ತಪ್ಪಬಾರದು. ೮ ಓಮಿನ ಎರಡನ್ನು ಒಂದರ ಹಿಂದೆ ಒಂದು ಕಟ್ಟಿದರೆ ೧೬, ಅಕ್ಕಪಕ್ಕ ಕಟ್ಟಿದರೆ ೪. ಯಾವುದು ಬಂತೋ ಆ ತಂತಿಗೇ ಸೇರಿಸಬೇಕು.

ಮೊದಲ ಸಲ ಹೊತ್ತಿಸುವಾಗ, ಗೋಡೆಯ ವಿದ್ಯುತ್ತಿನ ದಾರಿಯಲ್ಲಿ ೬೦ ವ್ಯಾಟಿನ ಹಳೆಯ ತಂತಿಬಲ್ಬು ಒಂದನ್ನು ಸರಣಿಯಾಗಿ ಇಡಿ. ಎಲ್‌ಇಡಿ ಬಲ್ಬು ಇದಕ್ಕೆ ಒದಗದು. ಬಲ್ಬು ಬೆಳಗಿ ಮತ್ತೆ ಮಂಕಾದರೆ ಒಳ್ಳೆಯ ಲಕ್ಷಣ. ಪೂರ್ಣ ಕಾಂತಿಯಲ್ಲೇ ಉರಿಯುತ್ತಿದ್ದರೆ ಒಳಗೆಲ್ಲೋ ತಂತಿ ತಗುಲಿದೆ, ಆರಿಸಿ ಹುಡುಕಿ. ಎಲ್ಲ ಸರಿಯಾದ ಮೇಲೆ ಬಲ್ಬನ್ನು ತೆಗೆದು, ೬ವಿ೬ದ ಕ್ಯಾಥೋಡಿನಲ್ಲಿರುವ ೪೭೦ ಓಮಿನ ರೆಸಿಸ್ಟರಿನ ಮೇಲೆ ವೋಲ್ಟೇಜು ಅಳೆಯಿರಿ. ೧೯ ವೋಲ್ಟು ಬಂದರೆ ೪೭೦ರಿಂದ ಭಾಗಿಸಿ: ಸುಮಾರು ೪೦ ಮಿಲಿ ಆಂಪಿಯರು. ವಾಲ್ವು ನೆಮ್ಮದಿಯಾಗಿದೆ, ಟ್ರಾನ್ಸ್‌ಫಾರ್ಮರೂ ನೆಮ್ಮದಿಯಾಗಿದೆ ಎಂದು ತಿಳಿಯಿರಿ.

ಆ ಹುಡುಗನ ಕಥೆ ಏನಾಯಿತೆಂದು ನೀವು ಕೇಳದೆ ಇರಲಾರಿರಿ. ಆ ಭಾನುವಾರ ಅವನು ಎರವಲು ತಂದ ಆಂಪ್ಲಿಫೈಯರಿನಲ್ಲಿ ನುಡಿಸಿದ. ನಾನು ನಮ್ಮ ತಂದೆಯವರ ರೇಡಿಯೋವನ್ನು ಅಟ್ಟದಿಂದ ಇಳಿಸಿದೆ. ಅದು ಮಾತಾಡದೆ ಎಷ್ಟೋ ವರ್ಷವಾಗಿತ್ತು. ಬಿಸಾಡಲು ಮನಸ್ಸು ಬಂದಿರಲಿಲ್ಲ. ಒಳಗೆ ಒಂಟಿ ಇಎಲ್೮೪, ಅದರ ಪಕ್ಕದಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ೧೨ ವೋಲ್ಟು ಕೊಟ್ಟು ಅಳೆದೆವು, ಲೆಕ್ಕ ಹೊಂದಿತು. ಬಿಚ್ಚುವಾಗ ಹುಡುಗ, "ಬೇಡಿ ಮೇಷ್ಟ್ರೇ, ಇದು ನಿಮ್ಮ ತಂದೆಯವರದು" ಎಂದ. "ಅವರು ಇದನ್ನು ಕೊಂಡದ್ದು ಅಟ್ಟದಲ್ಲಿಡುವುದಕ್ಕಲ್ಲ, ಹಾಡು ಕೇಳುವುದಕ್ಕೆ" ಎಂದೆ. ಈಗ ಅದು ಅವನ ಪೆಟ್ಟಿಗೆಯಲ್ಲಿದೆ. ನಮ್ಮ ಬೀದಿಯ ಮದುವೆಯೊಂದರಲ್ಲಿ ಮೊನ್ನೆ ಅದರ ನಾದವನ್ನು ಕೇಳಿದೆ. ಸ್ಪೀಕರಿನ ಪ್ಲಗ್ಗು ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಎದ್ದುಹೋಗಿ ನೋಡಿಬಂದೆ.